ಸ್ಯಾಚುರೇಶನ್ 97 ತೋರಿಸುತ್ತಿದೆ, ರೋಗಿ ಮಾತ್ರ ಸೋಲುತ್ತಿದ್ದಾರೆ: ಎಚ್‌ಡಿಯುನಲ್ಲಿ ಗಂಟೆಗಂಟೆಗೆ ಏನು ನೋಡಬೇಕು?

ರಾತ್ರಿಪಾಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾಲ್ಕು ಹಾಸಿಗೆಯ ಎಚ್‌ಡಿಯು (ವಾರ್ಡಿಗೂ ಐಸಿಯುಗೂ ನಡುವಿನ ಹೆಚ್ಚು ನಿಗಾದ ಘಟಕ), ಪಾಳಿಗೆ ಇಬ್ಬರು ನರ್ಸ್. ಹೆಚ್ಚಿನವರು ನ್ಯುಮೋನಿಯಾ, ಸಿಓಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳು. ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ, ಶೇಕಡಾದಲ್ಲಿ), ಪಲ್ಸ್, ಬಿಪಿ, ಯೂರಿನ್ ಎಲ್ಲವನ್ನೂ ಗಂಟೆಗೊಮ್ಮೆ ಬರೆಯುತ್ತೇವೆ. ಸ್ಯಾಚುರೇಶನ್ 96–97ರಲ್ಲೇ ನಿಂತಿರುತ್ತದೆ. ಹಾಗಿದ್ದೂ ಕೆಲವರು ಇದ್ದಕ್ಕಿದ್ದಂತೆ ಇಂಟ್ಯುಬೇಟ್ ಮಾಡುವ (ಶ್ವಾಸನಾಳಕ್ಕೆ ಟ್ಯೂಬ್ ಹಾಕುವ) ಹಂತಕ್ಕೆ ಬಂದುಬಿಡುತ್ತಾರೆ. ಮೊದಲೇ ಸಿಗುವ ಗುರುತು ಯಾವುದು? ಯಾವ ಹಂತದಲ್ಲಿ ಐಸಿಯುಗೆ ಹೇಳಬೇಕು?

ಹಾಸಿಗೆಪಕ್ಕ

ಸಿಸ್ಟರ್, ಗುರುತು ಮೊದಲೇ ಬಂದಿರುತ್ತದೆ, ನಿಮ್ಮ ಚಾರ್ಟ್‌ನಲ್ಲಿ ಅದಕ್ಕೆ ಜಾಗ ಇಲ್ಲ ಅಷ್ಟೆ. ನೀವು ಕೊಟ್ಟ ಪಟ್ಟಿಯಲ್ಲಿ ಉಸಿರಿನ ಎಣಿಕೆಯೇ ಇಲ್ಲ, ಗಮನಿಸಿ.

ಮಾನಿಟರ್ ತೋರಿಸುವ ಉಸಿರಿನ ಸಂಖ್ಯೆಯನ್ನು ಹಾಗೇ ಇಳಿಸಿಕೊಳ್ಳಬೇಡಿ. ಇಸಿಜಿ ಎಲೆಕ್ಟ್ರೋಡ್‌ಗಳ ನಡುವೆ ಎದೆ ಏರಿಳಿಯುವುದನ್ನು ಅದು ಅಂದಾಜು ಮಾಡುತ್ತದೆ. ಆಳವಿಲ್ಲದ ಉಸಿರು ತಪ್ಪಿಹೋಗುತ್ತದೆ, ರೋಗಿ ಮಗ್ಗುಲಾದರೂ ಕೆಮ್ಮಿದರೂ ಲೆಕ್ಕ ಕೆಡುತ್ತದೆ. ಗಂಟಲು ಕಟ್ಟಿ ಗಾಳಿ ಒಳಗೆ ಹೋಗದೆ ಎದೆ ಮಾತ್ರ ಎಳೆಯುತ್ತಿದ್ದರೆ ಅದನ್ನೂ ಉಸಿರೆಂದೇ ಎಣಿಸಬಹುದು. ಹೊದಿಕೆ ಸರಿಸಿ, ಗಡಿಯಾರ ನೋಡಿ, ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ನಾಲ್ಕರ ವ್ಯತ್ಯಾಸ ಬರುತ್ತದೆ. ಎಣಿಸುತ್ತಲೇ ಕತ್ತಿನ ಬುಡದ ಸ್ನಾಯು ಎದ್ದು ಕಾಣುತ್ತಿದೆಯೇ, ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಹೋಗುತ್ತಿದೆಯೇ, ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿದೆಯೇ ನೋಡಿ.

ಇನ್ನು ಸ್ಯಾಚುರೇಶನ್ ಯಾಕೆ ಮೋಸ ಮಾಡುತ್ತದೆ? ನಾವು ಆಕ್ಸಿಜನ್ ಏರಿಸುತ್ತಾ ಹೋಗುತ್ತೇವೆ. ಸಂಜೆ ನಿಮಿಷಕ್ಕೆ 2 ಲೀಟರಿಗೆ 96 ಇತ್ತು, ನಡುರಾತ್ರಿ 8 ಲೀಟರಿಗೆ 96 ಇದೆ ಎಂದುಕೊಳ್ಳಿ. ಚಾರ್ಟ್‌ನಲ್ಲಿ ಗೆರೆ ನೆಟ್ಟಗಿರುತ್ತದೆ, ಶ್ವಾಸಕೋಶ ಮಾತ್ರ ಕುಸಿಯುತ್ತಿರುತ್ತದೆ. ಆದ್ದರಿಂದ ಸ್ಯಾಚುರೇಶನ್ ಒಂದನ್ನೇ ಬರೆಯಬೇಡಿ. "96, ಫೇಸ್ ಮಾಸ್ಕ್, 8 ಲೀಟರ್" ಎಂದು ಒಂದೇ ಸಾಲಿನಲ್ಲಿ ಬರಲಿ.

ನ್ಯೂಸ್2 ಸ್ಕೋರ್ (ರೋಗಿ ಹದಗೆಡುವುದನ್ನು ಮೊದಲೇ ಹಿಡಿಯಲು ಉಸಿರು, ಪಲ್ಸ್ ಮುಂತಾದವಕ್ಕೆ ಕೊಡುವ ಅಂಕ) ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಉಸಿರು 26 ಇದ್ದರೆ 3, ಆಕ್ಸಿಜನ್ ಮೇಲಿದ್ದರೆ 2, ಪಲ್ಸ್ 112 ಇದ್ದರೆ 2. ಸ್ಯಾಚುರೇಶನ್ 97ಕ್ಕೆ ಸೊನ್ನೆ, ಬಿಪಿ, ಜ್ವರ, ಪ್ರಜ್ಞೆ ಸರಿ ಇದ್ದು ಅವಕ್ಕೂ ಸೊನ್ನೆ. ಆದರೂ ಒಟ್ಟು 7 ಆಯಿತು, ಅಂದರೆ ತುರ್ತು ಹಂತ. ಹಿರಿಯ ಡಾಕ್ಟರನ್ನು ಆಗಲೇ ಕರೆಯಬೇಕು, ಐಸಿಯುಗೂ ಹೇಳಬೇಕು. ಯಾವುದೇ ಒಂದು ಅಂಶಕ್ಕೆ 3 ಬಂದರೂ ಡ್ಯೂಟಿ ಡಾಕ್ಟರ್ ಬಂದು ನೋಡಲಿ. ಇದರಲ್ಲೂ ಒಂದು ಕೊರತೆ ಇದೆ: 2 ಲೀಟರಿಗೂ 2 ಅಂಕ, 15 ಲೀಟರಿಗೂ ಅದೇ 2 ಅಂಕ. ಲೀಟರ್ ಬರೆಯಿರಿ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಬೈಪ್ಯಾಪ್_ಬಲ್ಲವರು

ಮೇಲಿನದಕ್ಕೆ ಸಿಓಪಿಡಿ ವಿಷಯ ಸೇರಿಸುತ್ತೇನೆ. ಅಲ್ಲಿ ಅಪಾಯದ ರೂಪವೇ ಬೇರೆ. ಸ್ಯಾಚುರೇಶನ್ 98, ಉಸಿರು 12ಕ್ಕೆ ಇಳಿದಿದೆ, ರೋಗಿ "ಹಾಯಾಗಿ ನಿದ್ದೆ ಮಾಡುತ್ತಿದ್ದಾರೆ". ಅದು ನಿದ್ದೆಯೋ, ಕಾರ್ಬನ್ ಡೈಆಕ್ಸೈಡ್ ಏರಿ ಬಂದ ಮಂಪರೋ? ಎಬ್ಬಿಸಿ ಮಾತಾಡಿಸಿ, ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಕಳಿಸಿ. ಈ ರೋಗಿಗಳಿಗೆ ಗುರಿ 88–92. ಹಾಗೆಂದು ಗಾಬರಿಯಿಂದ ಆಕ್ಸಿಜನ್ ಪೂರ್ತಿ ಕಿತ್ತುಹಾಕಬೇಡಿ, ಸ್ಯಾಚುರೇಶನ್ ಮೊದಲಿಗಿಂತಲೂ ಕೆಳಗೆ ಬೀಳುತ್ತದೆ. ವೆಂಚುರಿ ಮಾಸ್ಕ್‌ನಲ್ಲಿ (ಆಕ್ಸಿಜನ್ ನಿಗದಿತ ಶೇಕಡಾದಲ್ಲಿ ಕೊಡುವ ಮಾಸ್ಕ್) 28%, ಆಮೇಲೆ 24% ಹೀಗೆ ಇಳಿಸಿ. ಎಷ್ಟು ಲೀಟರ್ ಇಡಬೇಕೆಂಬುದು ಅದರ ಬಣ್ಣದ ತುಂಡಿನ ಮೇಲೇ ಅಚ್ಚಾಗಿರುತ್ತದೆ.

ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ) ಹಾಕಿದರೆ ಮೊದಲು ನೋಡಬೇಕಾದ್ದು ಉಸಿರು ಹೊರಹೋಗುವ ದಾರಿ. ಒಂದೇ ಟ್ಯೂಬಿನ ಸರ್ಕ್ಯೂಟ್ ಆದರೆ ಮಾಸ್ಕ್‌ನಲ್ಲೋ ಟ್ಯೂಬಿನಲ್ಲೋ ಸಣ್ಣ ರಂಧ್ರಗಳು ಇರಲೇಬೇಕು. ತೂತಿಲ್ಲದ ಮಾಸ್ಕ್ ಸಿಕ್ಕಿಸಿ, ಟ್ಯೂಬಿನಲ್ಲೂ ತೂತಿಲ್ಲದಿದ್ದರೆ ಬಿಟ್ಟ ಗಾಳಿಯನ್ನೇ ರೋಗಿ ಮತ್ತೆ ಎಳೆದುಕೊಳ್ಳುತ್ತಾರೆ. ಸೋರುತ್ತಿದೆ ಎಂದು ಆ ರಂಧ್ರಕ್ಕೆ ಟೇಪ್ ಅಂಟಿಸುವುದಂತೂ ಜೀವಕ್ಕೇ ಅಪಾಯ, ದಯವಿಟ್ಟು ಹೊಸಬರಿಗೆಲ್ಲ ಹೇಳಿಕೊಡಿ. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಬಿಗಿದಷ್ಟೂ ಸೋರುವಿಕೆ ನಿಲ್ಲುವುದಿಲ್ಲ, ಮೂಗಿನ ಮೇಲೆ ಹುಣ್ಣಾಗುತ್ತದೆ ಅಷ್ಟೆ.

ಶುರುವಾದ 1 ಗಂಟೆಗೆ ಎಬಿಜಿ. ಸೆಟ್ಟಿಂಗ್ ಬದಲಿಸಿದರೆ ಮತ್ತೆ 1 ಗಂಟೆಗೆ. ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ) 7.25ಕ್ಕಿಂತ ಕೆಳಗಿದ್ದರೆ, ಅಥವಾ 4 ಗಂಟೆಯಾದರೂ ಸುಧಾರಿಸದಿದ್ದರೆ, ಎಚ್‌ಡಿಯುನಲ್ಲೇ ಕಾಯುತ್ತಾ ಕೂರಬಾರದು.

ರಾತ್ರಿಪಾಳಿ

ತುಂಬಾ ಉಪಕಾರವಾಯಿತು. ಹೈ ಫ್ಲೋ (ಮೂಗಿನ ನಳಿಕೆಯಲ್ಲಿ ಹೆಚ್ಚು ಹರಿವಿನ ಆಕ್ಸಿಜನ್) ಮೇಲಿದ್ದವರಿಗೂ ಇದೇ ಲೆಕ್ಕವೇ? ಐಸಿಯು ಇನ್ನೊಂದು ಕಟ್ಟಡದಲ್ಲಿದ್ದರೆ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಹಾಸಿಗೆಪಕ್ಕ

ಹೈ ಫ್ಲೋಗೆ ರಾಕ್ಸ್ ಇಂಡೆಕ್ಸ್ (ಹೈ ಫ್ಲೋ ಸಾಕಾಗುತ್ತಿದೆಯೇ ಎಂದು ಅಂದಾಜಿಸುವ ಲೆಕ್ಕ) ನೋಡಿ. ಸ್ಯಾಚುರೇಶನ್ ಅನ್ನು ಎಫ್ಐಓ2ದಿಂದ (ಒಳಗೆಳೆಯುವ ಗಾಳಿಯಲ್ಲಿ ಆಕ್ಸಿಜನ್ ಪಾಲು; 80% ಆದರೆ 0.8) ಭಾಗಿಸಿ, ಬಂದದ್ದನ್ನು ಉಸಿರಿನ ಎಣಿಕೆಯಿಂದ ಭಾಗಿಸಿ. ಸ್ಯಾಚುರೇಶನ್ 96, ಎಫ್ಐಓ2 0.8, ಉಸಿರು 36 ಆದರೆ 120ನ್ನು 36ರಿಂದ ಭಾಗಿಸಿ 3.3. ನ್ಯುಮೋನಿಯಾದಲ್ಲಿ 4.88 ಅಥವಾ ಮೇಲಿದ್ದರೆ ಸಮಾಧಾನ. 6 ಗಂಟೆಯಾದ ಮೇಲೂ 3.47ಕ್ಕಿಂತ ಕೆಳಗಿದ್ದರೆ ಹೈ ಫ್ಲೋ ಕೈಕೊಡುವ ಸಂಭವ ಹೆಚ್ಚು. ಇಲ್ಲೂ ಉಸಿರು ತಪ್ಪು ಎಣಿಸಿದರೆ ಲೆಕ್ಕವೆಲ್ಲ ತಪ್ಪು.

ಸಿಲಿಂಡರ್: ತುಂಬಿದ ಇ ಸೈಜಿನದರಲ್ಲಿ ಸುಮಾರು 680 ಲೀಟರ್. 15 ಲೀಟರ್ ಹರಿವಿಗೆ 45 ನಿಮಿಷ, ಮುಳ್ಳು ಅರ್ಧಕ್ಕಿದ್ದರೆ 22 ನಿಮಿಷ. ದಾರಿಗೆ ಬೇಕಾದುದರ ಎರಡರಷ್ಟು ಇಟ್ಟುಕೊಳ್ಳಿ, ಲಿಫ್ಟ್‌ಗೆ ಕಾಯುವ ಹೊತ್ತೂ ಸೇರಿಸಿ. ಪದೇ ಪದೇ ಆಗುವ ತಪ್ಪೊಂದಿದೆ: ವಾಲ್ವ್ ತೆರೆಯದೇ ಇದ್ದರೂ ರೆಗ್ಯುಲೇಟರಿನಲ್ಲಿ ಉಳಿದ ಒತ್ತಡಕ್ಕೆ ಮುಳ್ಳು ಮೇಲೇ ನಿಂತಿರುತ್ತದೆ, ಗಾಳಿ ಒಂದೆರಡು ಕ್ಷಣ ಬಂದು ನಿಲ್ಲುತ್ತದೆ. ಅದಕ್ಕೇ ವಾಲ್ವ್ ತೆರೆದು, ಮಾಸ್ಕನ್ನು ಅಂಗೈಗೆ ಹಿಡಿದು ಅರ್ಧ ನಿಮಿಷ ಗಾಳಿ ಬೀಸುತ್ತಿದೆಯೇ ನೋಡಿ, ಚೀಲ ಇರುವ ಮಾಸ್ಕ್ ಆದರೆ ಚೀಲ ಪೂರ್ತಿ ಉಬ್ಬಲಿ. ಆಮೇಲೆ ಗೋಡೆಯ ಆಕ್ಸಿಜನ್ ಬಿಡಿಸಿ. ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಾಸಿಗೆಯ ಮೇಲೇ, ರೋಗಿಯ ತಲೆಯ ಪಕ್ಕ ಇರಲಿ.