ಸಹಾಯ ಬೇಕು: ಬೀದರ್ ಹತ್ತಿರ ಉಳಿಯಲು ಹಳೇ ವಾಡೆ ಇದೆಯಾ?

ನಮಸ್ಕಾರ್ರೀ. ಡಿಸೆಂಬರ್ ರಜೆಗೆ ಕಲಬುರಗಿಯಿಂದ ಐದು ಜನ ಬರುತ್ತಿದ್ದೇವೆ, ಅವ್ವನೂ ಸೇರಿ. ಈ ಸಲ ಕಾರು ನಿಲ್ಲಿಸಿ ನಡೆದೇ ನೋಡೋಣ ಅಂತ ಆಸೆ. ಮೊದಲ ದಿನ ಕೋಟೆ, 1472ರ ಮಹಮೂದ್ ಗವಾನ್ ಮದರಸಾ. ಮರುದಿನ ಅಷ್ಟೂರಿನ ಬಹಮನಿ ಗೋರಿಗಳು. ಸಿಡಿಲು ಬಡಿದು ಅರ್ಧ ಕುಸಿದ ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ ನೋಡಲೇಬೇಕು ಅಂತ ಮಗನ ಹಟ.

ಎರಡು ರಾತ್ರಿಗೆ ದಪ್ಪ ಕಲ್ಲಿನ ಗೋಡೆ, ಒಳಗೆ ಅಂಗಳ ಇರುವ ನಿಜವಾದ ಹಳೇ ಮನೆ ಬೇಕು. ಕಳೆದ ಸಲ ಬೇರೆ ಊರಲ್ಲಿ ಫೋಟೋ ನೋಡಿ ಬುಕ್ ಮಾಡಿದ್ದೆ. ಹೋಗಿ ನೋಡಿದರೆ ಹೊಸ ಸಿಮೆಂಟಿಗೆ ಕಲ್ಲಿನ ಬಣ್ಣ ಬಳಿದಿದ್ದರು!

ಅವ್ವನಿಗೆ ಮೊಣಕಾಲು ನೋವು. ಬೀದರಿನಿಂದ ಅಷ್ಟೂರಿನ ದಾರಿಯಲ್ಲಿ ಕೂರಲು ನೆರಳು ಸಿಗುತ್ತಾ? ಬಿಸಿ ಜೋಳದ ರೊಟ್ಟಿ ಮಾಡಿಕೊಡುವವರಿದ್ದರೆ ಇನ್ನೂ ಒಳ್ಳೆಯದು. ಗೊತ್ತಿದ್ದವರು ತಿಳಿಸಿರಿ.