ಚಿತ್ರಹಿಂಸೆ ತಡೆ ಮಸೂದೆ: ಈಗಿರುವ ಕಾನೂನು ಸಾಲದೇ?

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಧಾರವಾಡ)
ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದೆ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಇನ್ನೂ ಅಂಗೀಕರಿಸಿಲ್ಲ, ಅಂದರೆ ಅದಕ್ಕೆ ಬದ್ಧ ಅಂತ ಅಧಿಕೃತವಾಗಿ ಒಪ್ಪಿಲ್ಲ. ಅದಕ್ಕೆ ಬೇಕಾದ ಮಸೂದೆ 2010ರ ಮೇನಲ್ಲಿ ಲೋಕಸಭೆಯಲ್ಲಿ ಪಾಸಾಗಿ ಆಮೇಲೆ ಬಿದ್ದುಹೋಯಿತು. "ಇರುವ ಕಾನೂನೇ ಸಾಕು, ಹೊರಗಿನವರಿಗೋಸ್ಕರ ಹೊಸದು ಯಾಕೆ?" ಅಂತ ಎದುರು ತಂಡ ಕೇಳೇ ಕೇಳುತ್ತದೆ. ಕೋರ್ಟಿನಲ್ಲಿರುವವರು ಏನು ಹೇಳುತ್ತೀರಿ?

ಉತ್ತರ (ವಕೀಲೆ, ಹಾಸನ ಜಿಲ್ಲೆ)
ನೋಡಮ್ಮ, ನಾನು ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವವಳು. ಕಾನೂನು ಇಲ್ಲ ಅಂತಲ್ಲ. ತಪ್ಪು ಒಪ್ಪಿಸೋಕೆ ಹೊಡೆದರೆ ಏಳು ವರ್ಷದವರೆಗೆ ಶಿಕ್ಷೆ, ಭಾರೀ ಗಾಯವಾದರೆ ಹತ್ತು ವರ್ಷದವರೆಗೆ. ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಜಾಗಕ್ಕೆ ಬಂದದ್ದು) 120ನೇ ಕಲಂ ನೋಡಿ. ಆದರೆ ಠಾಣೆಯೊಳಗೆ ನಡೆದದ್ದಕ್ಕೆ ಸಾಕ್ಷಿ ಯಾರು? ಹೊಡೆದವರು ಮತ್ತು ಹೊಡೆತ ತಿಂದವನು, ಅಷ್ಟೇ.

ನನ್ನ ಕಕ್ಷಿದಾರನೊಬ್ಬ ಮ್ಯಾಜಿಸ್ಟ್ರೇಟರ ಮುಂದೆ ಬಂದಾಗ ಪಾದ ಊರಲಾಗದೆ ಕಟಕಟೆ ಹಿಡಿದು ನಿಂತಿದ್ದ. ಅಂಗಾಲಿಗೆ ಹೊಡೆದಿದ್ದರು. "ಪೊಲೀಸರಿಂದ ತೊಂದರೆ ಆಯ್ತಾ?" ಅಂತ ಸಾಹೇಬರು ಕೇಳಿದರು. ಕರೆತಂದ ಪೇದೆ ಪಕ್ಕದಲ್ಲೇ ಇದ್ದ. ನನ್ನ ಕಕ್ಷಿದಾರ "ಇಲ್ಲ ಸ್ವಾಮಿ" ಅಂದುಬಿಟ್ಟ. ಆಸ್ಪತ್ರೆ ಚೀಟಿಯಲ್ಲಿ "ಎರಡೂ ಅಂಗಾಲು ಊತ, ಜಾರಿ ಬಿದ್ದದ್ದು" ಅಂತ ಬರೆದಿತ್ತು. ಜಾರಿ ಬಿದ್ದರೆ ಎರಡೂ ಅಂಗಾಲು ಊದುತ್ತದೆಯೇ? ಯಾರೂ ಕೇಳಲಿಲ್ಲ.

2010ರ ಮಸೂದೆಯಿಂದಲೂ ಅವನಿಗೆ ಜಾಸ್ತಿ ಉಪಯೋಗ ಆಗುತ್ತಿರಲಿಲ್ಲ. ಭಾರೀ ಗಾಯವೋ, ಜೀವಕ್ಕೋ ಆರೋಗ್ಯಕ್ಕೋ ಅಪಾಯವೋ ಆಗಿರಬೇಕಿತ್ತು. ಆರು ತಿಂಗಳೊಳಗೆ ದೂರು ಕೊಡಬೇಕಿತ್ತು, ಮೇಲೆ ಸರ್ಕಾರದ ಅನುಮತಿ ಬೇರೆ. ಒಪ್ಪಂದದಲ್ಲಾದರೆ ತೀವ್ರ ನೋವು ಸಾಕು, ದೇಹದ್ದಾಗಲಿ ಮನಸ್ಸಿನದಾಗಲಿ. ರಾಜ್ಯಸಭೆ ಮಸೂದೆಯನ್ನು ಪರಿಶೀಲನೆಗೆ ತನ್ನ ಸದಸ್ಯರ ಆಯ್ಕೆ ಸಮಿತಿಗೆ (ಸೆಲೆಕ್ಟ್ ಕಮಿಟಿ) ಕಳಿಸಿತು. 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದೂ ಹೋಯಿತು.

ನೀವು ಕಾನೂನು ಆಯೋಗದ 273ನೇ ವರದಿ (2017) ಹಿಡಿಯಿರಿ. ಕಸ್ಟಡಿಯಲ್ಲಿದ್ದವನಿಗೆ ಗಾಯವಾದರೆ ಪೊಲೀಸರೇ ಮಾಡಿದ್ದು ಅಂತ ಕೋರ್ಟು ಭಾವಿಸಬೇಕು, ಅಲ್ಲ ಅಂತ ತೋರಿಸುವುದು ಅವರ ಹೊಣೆ ಅನ್ನುತ್ತದೆ ಅದು. ನನ್ನ ಕಕ್ಷಿದಾರನಿಗೆ ಬೇಕಿದ್ದದ್ದು ಅದೇ.

ಉತ್ತರ (ನಿವೃತ್ತ ಎಎಸ್‌ಐ)
ಮೇಡಂ, ಕಳ್ಳತನ ಆದರೆ ಊರವರೇ ಬಂದು "ಸರಿಯಾಗಿ ಬೆಂಡೆತ್ತಿ ಸಾರ್" ಅಂತಾರೆ. ಮೇಲಿನವರು ನಾಳೆಯೊಳಗೆ ಕಳ್ಳ ಬೇಕು ಅಂತಾರೆ. ಓಡುವಾಗ ಬಿದ್ದವನ ಗಾಯಕ್ಕೂ ನಾವೇ ಹೊಣೆ ಅಂದರೆ ಯಾರು ತಾನೇ ಕೆಲಸ ಮಾಡುತ್ತಾರೆ?

ಉತ್ತರ (ವಕೀಲೆ)
ಸರ್, ಒತ್ತಡ ನಿಜ, ಒಪ್ಪುತ್ತೇನೆ. ಆದರೆ ಓಡುವಾಗ ಬಿದ್ದಿದ್ದರೆ ಹಿಡಿದ ಹೊತ್ತಿಗೇ ಗಾಯ ಬರೆದು, ಅವನ ಸಹಿ, ಅಧಿಕಾರಿಯ ಸಹಿ ಎರಡೂ ಹಾಕಿಸಿದರಾಯಿತು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಕ್ರಮವೇ ಅದು. ಆ ಕಾಗದ ಇದ್ದರೆ ನಿಮ್ಮ ಮೇಲೆ ಸುಳ್ಳು ದೂರು ನಿಲ್ಲುವುದಿಲ್ಲ.

ಇನ್ನು ಹೊರಗಿನವರ ಮಾತು, ತಂಗಿ. 1995ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಸುರಿದ ಪ್ರಕರಣದ ಆರೋಪಿ ಡೆನ್ಮಾರ್ಕ್ ಪ್ರಜೆ ಕಿಮ್ ಡೇವಿ. ಇಲ್ಲಿಗೆ ಕಳಿಸಿದರೆ ಚಿತ್ರಹಿಂಸೆ ಆಗಬಹುದು ಅಂತ ಡೆನ್ಮಾರ್ಕ್ ಹೈಕೋರ್ಟು 2011ರಲ್ಲಿ ಅವನನ್ನು ಒಪ್ಪಿಸಲಿಲ್ಲ. ಒಪ್ಪಂದ ಅಂಗೀಕರಿಸದೆ ಹೀಗೆ ಆರೋಪಿಗಳು ಕೈತಪ್ಪುತ್ತಾರೆ ಅಂತ ಕಾನೂನು ಆಯೋಗವೂ ಬರೆದಿದೆ. ಎದುರು ತಂಡಕ್ಕೆ ಇದನ್ನೇ ಮೊದಲು ಕೇಳಿ.