ಸಹಾಯ ಬೇಕು: ಟ್ರಿಗರ್ ಒಮ್ಮೆ ಒತ್ತಿದರೆ ಎರಡು ಗುಂಡು!

ನನ್ನ .22 ಸೆಮಿ ಆಟೋಮ್ಯಾಟಿಕ್ ಸ್ಪರ್ಧಾ ಪಿಸ್ತೂಲು ನಿನ್ನೆ ಅಭ್ಯಾಸದಲ್ಲಿ ಹೆದರಿಸಿಬಿಟ್ಟಿತು. ಟ್ರಿಗರ್ ಒತ್ತಿದ್ದು ಒಂದೇ ಸಲ, ಹಾರಿದ್ದು ಎರಡು ಗುಂಡು. ಅದಕ್ಕೂ ಮೊದಲೊಮ್ಮೆ ಸ್ಲೈಡ್ (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಮುಂದೆ ಬರುವಾಗ ಹ್ಯಾಮರ್ (ಬಡಿದು ಗುಂಡು ಹಾರಿಸುವ ಸುತ್ತಿಗೆ) ಕೂಡ ಜೊತೆಗೇ ಬಿದ್ದಿತ್ತು. ಗುಂಡು ಹಾರಲಿಲ್ಲ ಅಂತ ಸುಮ್ನೆ ಬಿಟ್ಟೆ. ತಪ್ಪು ನನ್ನದೇ.

ಈಗ ಖಾಲಿ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. 25 ಮೀಟರ್ ಸ್ಪರ್ಧೆಗೆ ಟ್ರಿಗರ್ ತೂಕ (ಅದನ್ನು ಒತ್ತಲು ಬೇಕಾದ ಬಲ) ಕನಿಷ್ಠ 1000 ಗ್ರಾಂ ಬೇಕು, ಅಲ್ವಾ? ಅಳೆದರೆ ಒಮ್ಮೆ 1020, ಇನ್ನೊಮ್ಮೆ 870! ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಒತ್ತಿ ಹಿಡಿದು ಸ್ಲೈಡ್ ಎಳೆದು ಬಿಟ್ಟರೆ, ಹತ್ತರಲ್ಲಿ ಎರಡು ಸಲ ಹ್ಯಾಮರ್ ನಿಲ್ಲುವುದಿಲ್ಲ. ಸಿಯರ್ (ಟ್ರಿಗರ್ ಒತ್ತುವ ತನಕ ಹ್ಯಾಮರ್ ಹಿಡಿದಿಡುವ ಕೊಂಡಿ) ಅಂಚು ಸವೆದಿದೆಯಾ, ಡಿಸ್‌ಕನೆಕ್ಟರ್ (ಒಂದು ಒತ್ತಿಗೆ ಒಂದೇ ಗುಂಡು ಹಾರುವಂತೆ ನೋಡಿಕೊಳ್ಳುವ ಭಾಗ) ಕೈಕೊಟ್ಟಿದೆಯಾ, ಅಥವಾ ಬರೀ ಮಸಿ, ಜಿಡ್ಡಾ? ನಾನಂತೂ ಅರ ಹಿಡಿಯುವುದಿಲ್ಲ, ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಬಳಿಗೇ ಒಯ್ಯುತ್ತೇನೆ. ಮೊದಲು ಏನು ನೋಡಲು ಹೇಳಲಿ? ಇದೇ ಕಾಟ ಕಂಡವರು ತಿಳಿಸಿ.